ಬೂಟು ಬಿಚ್ಚಿಸಿದ ದೇವೀರಮ್ಮ

ಬೆಳಿಗ್ಗೆ ಆರೂವರೆ. ಬಣಕಲ್ ಹತ್ತಿರದ ಕಾಫಿ ತೋಟವೊಂದರ ಕಣದಲ್ಲಿ ಇನ್ನೂ ಮಂಜು ಕರಗಿಲ್ಲ. ದೇವೀರಮ್ಮ ಟಾರ್ಪಾಲಿನ ಒಂದು ತುದಿ ಹಿಡಿದು, ಆಚೆ ತುದಿಯಲ್ಲಿರುವಾಕೆಗೆ "ನಿಧಾನ, ನಿಧಾನ" ಎನ್ನುತ್ತಿದ್ದಾರೆ. ರಾತ್ರಿಯಿಡೀ ಬಿದ್ದ ಇಬ್ಬನಿ ಟಾರ್ಪಾಲಿನ ಮೇಲೆ ಅಲ್ಲಲ್ಲಿ ನಿಂತಿದೆ. ಅವಸರದಲ್ಲಿ ಎಳೆದರೆ ಆ ನೀರೆಲ್ಲ ಕೆಳಗಿನ ಪಾರ್ಚ್‌ಮೆಂಟಿನ ಮೇಲೆ ಸುರಿದು ನಾಲ್ಕು ದಿನದ ಬಿಸಿಲು ದಂಡ. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಮೈಮೇಲೆ ತೆಳು ಹೊಟ್ಟು ಮಾತ್ರ ಉಳಿಸಿಕೊಂಡ ಕಾಫಿ ಬೀಜ. ಅದು ಒಣಗುವುದು ಈ ಸಿಮೆಂಟ್ ಕಣದಲ್ಲಿ, ಈ ಹೆಂಗಸರ ಕಾಲಡಿಯಲ್ಲಿ.

ಕಾಲಡಿಯಲ್ಲಿ ಎಂದದ್ದು ಮಾತಿನ ಚಂದಕ್ಕಲ್ಲ. ಟಾರ್ಪಾಲು ಮಡಚಿಟ್ಟ ದೇವೀರಮ್ಮ ಕಣದ ಅಂಚಿನಲ್ಲಿ ಚಪ್ಪಲಿ ಬಿಡುತ್ತಾರೆ. ಬೀಜಕ್ಕೆ ಗೀರು ಬೀಳಬಾರದೆಂದು ಕಾಲುಂಗುರಕ್ಕೆ ಹಳೆ ಸೀರೆಯ ಚೂರು ಸುತ್ತಿದ್ದಾರೆ. ಸೀರೆಯ ಮೇಲೆ ಗಂಡ ಲಕ್ಕಯ್ಯನವರ ಹಳೇ ಶರ್ಟು, ತಲೆಗೆ ಟವೆಲ್ಲು. ಎಡಗಾಲಿನ ಬೆರಳುಗಳು ಬೀಜದ ಸಾಲನ್ನು ಸೀಳುತ್ತವೆ, ಬಲಗಾಲು ಅದನ್ನು ಪಕ್ಕಕ್ಕೆಳೆದು ಮಗುಚುತ್ತದೆ, ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಸಾಲು ಮುಗಿದಲ್ಲಿ ಒಂದೇ ಕಾಲಿನ ಮೇಲೆ ಗಿರ್ರನೆ ತಿರುಗಿ ಮುಂದಿನ ಸಾಲು. ಅರವತ್ತೊಂದು ವರ್ಷದ ಹೆಂಗಸು ಹೀಗೆ ತಿರುಗುವುದನ್ನು ಮೊದಲ ಸಲ ನೋಡಿದವರು ಬಾಯಿ ತೆರೆದುಕೊಂಡು ನಿಲ್ಲುತ್ತಾರೆ.

"ಎಂತ ನೋಡ್ತೀರಿ ಮಾರಾಯ್ರೆ, ಕಾಫಿ ತಿರುವೋದು ಇದು" ಎಂದು ಅವರು ನಗುತ್ತಾರೆ. ಮರದ ಹಲಗೆ ಕಟ್ಟಿದ ಕೋಲು ಗೋಡೆಗೊರಗಿದೆ. ಅದನ್ನೇಕೆ ಬಳಸುವುದಿಲ್ಲ ಎಂದರೆ, "ಎಲ್ಲಿ ಹಸಿ ಉಳ್ದಿದೆ ಅಂತ ಕೋಲಿಗೆ ಗೊತ್ತಾಗುತ್ತಾ? ಕಾಲಿಗೆ ಗೊತ್ತಾಗುತ್ತೆ" ಎನ್ನುತ್ತಾರೆ.

ಸಂಸೆ ಕಡೆಯಿಂದ ಮದುವೆಯಾಗಿ ಈ ತೋಟಕ್ಕೆ ಬಂದಾಗ ಅವರಿಗೆ ಹತ್ತೊಂಬತ್ತು. ಮೊದಲು ಕಳೆ ಕೀಳುವುದು, ಹಣ್ಣು ಕೊಯ್ಯುವುದು. ಕಣಕ್ಕೆ ಇಳಿದು ಈಗ ಮೂವತ್ತಾರು ವರ್ಷ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಇಡೀ ಕಣ ತಿರುವಬೇಕು. ಮೊಮ್ಮಗಳು ಸ್ವಾತಿ ಒಮ್ಮೆ ಅಜ್ಜಿಯ ಸೊಂಟಕ್ಕೆ ತನ್ನ ಮೊಬೈಲು ಕಟ್ಟಿ ಕಳಿಸಿದ್ದಳು. ಸಂಜೆ ನೋಡಿದರೆ ಇಪ್ಪತ್ತೊಂದು ಸಾವಿರ ಹೆಜ್ಜೆ! ಮೊಬೈಲೇ ಕೆಟ್ಟಿದೆಯೆಂದುಕೊಂಡು ಮರುದಿನ ಮತ್ತೆ ಕಟ್ಟಿದಳು. ಇನ್ನೂ ಎಂಟುನೂರು ಹೆಚ್ಚಾಗಿತ್ತು. ಜನವರಿಯ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲು. ಅವರ ಪಾದದ ಬಿರುಕುಗಳನ್ನು ನೋಡಿದರೆ ಸಂಕಟವಾಗುತ್ತದೆ. ರಾತ್ರಿ ಹರಳೆಣ್ಣೆ ಹಚ್ಚಿ ಮಲಗುತ್ತಾರೆ, ಅಷ್ಟೇ ಮದ್ದು.

ತೋಟದಲ್ಲಿ ಎಷ್ಟೋ ಕಟ್ಟಳೆಗಳು ಬಂದು ಹೋಗಿವೆ, ಒಂದು ಮಾತ್ರ ಅಲುಗಿಲ್ಲ: ಕಣಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಇಳಿಯಬಾರದು. ಮೆಟ್ಟಿನಡಿ ಸಿಕ್ಕಿದರೆ ಹೊಟ್ಟು ಬಿರಿಯುತ್ತದೆ, ಬಿರಿದ ಬೀಜ ಬಣ್ಣಗೆಡುತ್ತದೆ. ಧಣಿಗಳೂ ಅಂಚಿನಲ್ಲಿ ಶೂ ಕಳಚಿಯೇ ಬರುತ್ತಾರೆ. ಅವರ ಮನೆಯ ಹೊಸ ಅಳಿಯಂದಿರು ಒಮ್ಮೆ ಮಿರಮಿರ ಬೂಟಿನಲ್ಲಿ ಕಣಕ್ಕೆ ಇಳಿದಾಗ ದೇವೀರಮ್ಮ ದೂರದಿಂದಲೇ ಗದರಿ ಹೊರಗಟ್ಟಿದ್ದರಂತೆ. "ಬೈಸ್ಕೊಂಡಿದ್ದು ಅಳಿಯಂದ್ರು, ಬೆವರಿದ್ದು ನಾನು" ಎನ್ನುತ್ತಾರೆ ತೋಟದ ಹಾಜರಿ, ಲೆಕ್ಕ ನೋಡುವ ರೈಟರ್ ಮಂಜಯ್ಯ.

ಇಂಥ ದೇವೀರಮ್ಮ ಈ ಜನವರಿಯಲ್ಲಿ ಚಿಕ್ಕಮಗಳೂರಿನ ಮ್ಯೂಸಿಯಂ ಒಂದರಲ್ಲಿ, ಇನ್ನೂರು ಜನರೆದುರು, ಒಂದು ಹಿಪ್‌ಹಾಪ್ ಕಾರ್ಯಕ್ರಮವನ್ನು ನಿಲ್ಲಿಸಿಬಿಟ್ಟರು. ಅದನ್ನು ಕಣ್ಣಾರೆ ಕಂಡವರಿಗೆ ಆ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ.

ನಡೆದದ್ದು ಹೀಗೆ. ಮಗಳ ಮಗಳು ಸ್ವಾತಿಗೆ ಇಪ್ಪತ್ತೊಂದು ವರ್ಷ. ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ, ಅಜ್ಜಿಯ ಜೊತೆ ತೋಟದ ಕೆಲಸದವರ ಲೈನ್ ಮನೆಯಲ್ಲಿ ವಾಸ, ತಲೆ ತುಂಬ ಹಿಪ್‌ಹಾಪ್ ಹುಚ್ಚು. ಅವಳೂ ಸೇರಿ ಕುಣಿಯುವವರು ಐದು ಜನ. ಸಂಗೀತದ ಯಂತ್ರ ನೋಡಿಕೊಳ್ಳುವವನು ಬಣಕಲ್‌ನಲ್ಲಿ ಮೊಬೈಲ್ ರಿಪೇರಿ ಮಾಡುವ ಪ್ರಶಾಂತ್. ಹುಚ್ಚೇನೋ ಇತ್ತು, ಕುಣಿಯಲು ಜಾಗವಿರಲಿಲ್ಲ. ಕಾಫಿ ಇಲ್ಲದ ತಿಂಗಳುಗಳಲ್ಲಿ ಖಾಲಿ ಕಣದಲ್ಲೇ ಅಭ್ಯಾಸ ನಡೆಯುತ್ತಿತ್ತು. ಮಂಜಯ್ಯ ಎರಡು ಸಲ ಓಡಿಸಿದರು. ಜೂನ್ ಬಂತೆಂದರೆ ಮಳೆ ಹಿಡಿದು ನಾಲ್ಕು ತಿಂಗಳು ಎಲ್ಲ ಬಂದ್. ಸಮುದಾಯ ಭವನ ಕೇಳಿದರೆ, ಅದು ಮದುವೆಗೆ ಮಾತ್ರ ಎಂದರು.

ಆಗ ಕರೆ ಬಂದದ್ದು ಮ್ಯೂಸಿಯಂನಿಂದ. ಚಿಕ್ಕಮಗಳೂರಿನ ಅಂಚಿನಲ್ಲಿ, ಕಾಫಿಯ ಹೊಟ್ಟು ಬಿಡಿಸಿ ವಿಂಗಡಿಸುತ್ತಿದ್ದ ಹಳೆಯ ಕ್ಯೂರಿಂಗ್ ವರ್ಕ್ಸ್ ಕಟ್ಟಡವೊಂದನ್ನು ಈಗ ಕಾಫಿ ಮ್ಯೂಸಿಯಂ ಮಾಡಿದ್ದಾರೆ. ಅದನ್ನು ನಡೆಸುವ ಅರುಣಾ ಒಂದು ಭಾನುವಾರವನ್ನು ಹಿಪ್‌ಹಾಪ್‌ಗೆಂದು ಮೀಸಲಿಟ್ಟಿದ್ದರು. ಹಾಡು, ಕುಣಿತ, ಉಡುಪು ಎಲ್ಲವೂ ಅಲ್ಲಿತ್ತು. ಸ್ವಾತಿಯ ಗುಂಪಿಗೆ ಹತ್ತು ನಿಮಿಷ. ಚೆನ್ನಾಗಿ ನಡೆದರೆ ಮ್ಯೂಸಿಯಂನ ಹಿಂದಿನ ಹಾಲ್ ಪ್ರತಿ ಶನಿವಾರ ಅವರಿಗೆ, ಅದೂ ವರ್ಷವಿಡೀ. ಅರುಣಾ ಇದನ್ನು ಬಾಯಿಬಿಟ್ಟೇ ಹೇಳಿದ್ದರು. ಸ್ವಾತಿ ಆ ವಾರ ಸರಿಯಾಗಿ ಊಟವನ್ನೇ ಮಾಡಲಿಲ್ಲ.

ಕೊಯ್ಲಿನ ಕಾಲದಲ್ಲಿ ದೇವೀರಮ್ಮ ರಜೆ ಕೇಳಿದ್ದು ಹನ್ನೆರಡು ವರ್ಷಗಳಲ್ಲಿ ಅದೇ ಮೊದಲು. ಮ್ಯೂಸಿಯಂ ಬಾಗಿಲಲ್ಲೇ ಅವರಿಗೆ ಮೊದಲ ಗಾಬರಿ ಕಾದಿತ್ತು. ಒಬ್ಬೊಬ್ಬರ ಪ್ಯಾಂಟಿನಲ್ಲೂ ಇಬ್ಬಿಬ್ಬರು ತೂರಬಹುದು. ಟೋಪಿಯ ಮೂತಿ ಹಿಂದಕ್ಕೆ. ಹುಡುಗರ ಕೊರಳಲ್ಲಿ ಎತ್ತಿಗೆ ಕಟ್ಟುವಷ್ಟು ದಪ್ಪ ಸರ. ಸ್ವಾತಿಯ ಕಾಲಲ್ಲಿ ಇಟ್ಟಿಗೆಯಂಥ ಬಿಳಿ ಬೂಟು. "ಇದನ್ನ ಹಾಕ್ಕೊಂಡು ನಡೆಯೋದೇ ಕಷ್ಟ, ಕುಣಿಯೋದು ಹೆಂಗೆ ಮಾರಾಯ್ತಿ?" ಎಂದರಂತೆ ಅಜ್ಜಿ. ಗೋಡೆಗಳ ತುಂಬ ಚಿತ್ರಗಳು. ಐವತ್ತು ವರ್ಷದ ಹಿಂದೆ ನ್ಯೂಯಾರ್ಕ್ ಎಂಬ ಊರಿನ ಬಡವರ ಬೀದಿಗಳಲ್ಲಿ, ಕೈಯಲ್ಲಿ ಕಾಸಿಲ್ಲದ ಹುಡುಗರು ಹಳೇ ಗ್ರಾಮಫೋನ್ ತಟ್ಟೆಗಳನ್ನು ತಿರುಗಿಸಿಯೇ ಈ ಕಲೆ ಹುಟ್ಟಿಸಿದರೆಂದು ಅರುಣಾ ವಿವರಿಸಿದರು. ದೇವೀರಮ್ಮನ ಮನಸ್ಸಿಗೆ ನಾಟಿದ್ದು ಒಂದೇ ಮಾತು. "ಅವ್ರಿಗೂ ಜಾಗ ಇರ್ಲಿಲ್ವಂತೆ. ಬೀದೀಲೇ ಕುಣಿದ್ರಂತೆ, ಪಾಪ."

ಸ್ವಾತಿಯ ಗುಂಪಿನ ಸರದಿ ಬಂತು. ಕಾಫಿ ಮ್ಯೂಸಿಯಂ ಅಲ್ಲವೇ, ಚೆಂದ ಕಾಣಲೆಂದು ಕುಣಿಯುವ ನೆಲದ ಮೇಲೆ ಪಾರ್ಚ್‌ಮೆಂಟ್ ಹರಡಿದ್ದರು. ಅದೂ ನಾಲ್ಕು ಚೀಲ, ಒಳ್ಳೆಯ ಅರೇಬಿಕಾ! ಹೆಜ್ಜೆ ಸದ್ದು ಕೇಳಲೆಂದು ಪ್ರಶಾಂತ್ ನೆಲದಂಚಿಗೆ ಎರಡು ಮೈಕು ಇಟ್ಟಿದ್ದ. ದೀಪ ಹತ್ತಿತು, ಸಂಗೀತ ಗುಡುಗಿತು, ಐದು ಜೊತೆ ಬೂಟುಗಳು ಬೀಜದ ಮೇಲೆ ಒಟ್ಟಿಗೆ ಇಳಿದವು. ಮೈಕಿನಿಂದ ಇಡೀ ಹಾಲ್‌ಗೆ ಕೇಳಿಸಿತು: ಚಟ್, ಚಟ್, ಚಟ್. ಜನಕ್ಕೆ ಅದು ತಾಳ. ದೇವೀರಮ್ಮನಿಗೆ ಅದು ಬೀಜ ಬಿರಿಯುವ ಸದ್ದು. ಮೂವತ್ತಾರು ವರ್ಷ ಯಾವುದು ಕೇಳಬಾರದೆಂದು ಕಣ ಕಾಯ್ದರೋ ಅದೇ ಸದ್ದು, ಹತ್ತು ಪಟ್ಟು ದೊಡ್ಡದಾಗಿ.

"ಮೆಟ್ಟು ಬಿಡ್ರೋ! ಕಣಕ್ಕೆ ಮೆಟ್ಟು ಹಾಕ್ಕೊಂಡು ಇಳೀತೀರೇನ್ರೋ! ಅನ್ನ ಕಣ್ರೋ ಅದು!"

ಪ್ರಶಾಂತ್ ಕೈ ತಾನಾಗಿಯೇ ಗುಂಡಿ ಒತ್ತಿತು. ಸಂಗೀತ ನಿಂತಿತು. ಇನ್ನೂರು ತಲೆಗಳು ಹಿಂದಕ್ಕೆ ತಿರುಗಿದವು. ಮುಂದಿನ ಸಾಲಿನಲ್ಲಿದ್ದ ಅರುಣಾ ಎದ್ದು ನಿಂತರು. ಸ್ವಾತಿ ಎತ್ತಿದ ಕಾಲನ್ನು ಇಳಿಸದೆ ಹಾಗೇ ನಿಂತಳು. ಹುಟ್ಟಿದಾಗಿನಿಂದ ಅದೇ ಕಣದ ಬದಿಯಲ್ಲಿ ಬೆಳೆದವಳಿಗೆ ಕಟ್ಟಳೆ ಗೊತ್ತಿರಲಿಲ್ಲವೇ? "ಗೊತ್ತಿತ್ತು. ಮ್ಯೂಸಿಯಂನವ್ರೇ ಹಾಕಿದ್ದಲ್ವಾ, ಶೋಗಿಟ್ಟಿದ್ದು ಅಂದ್ಕೊಂಡೆ. ಅಜ್ಜಿ ಕೂಗಿದ ಕೂಡ್ಲೇ ಎರಡು ಭಯ ಒಟ್ಟಿಗೆ ಆಯ್ತು. ಹಾಲ್ ಹೋಯ್ತು ಅಂತ ಒಂದು. ಅಜ್ಜಿ ಹೇಳಿದ್ದು ಸರಿ ಅಂತ ಇನ್ನೊಂದು" ಎನ್ನುತ್ತಾಳೆ.

ಅಷ್ಟರಲ್ಲಿ ದೇವೀರಮ್ಮ ಚಪ್ಪಲಿ ಬಿಟ್ಟು ನೆಲಕ್ಕೆ ಇಳಿದಾಗಿತ್ತು. ಅವರಿಗೆ ಜನ ಕಾಣಲಿಲ್ಲ, ದೀಪ ಕಾಣಲಿಲ್ಲ. ಕಂಡದ್ದು ಚೆಲ್ಲಾಪಿಲ್ಲಿಯಾದ ಕಾಫಿ. ಎಡಗಾಲಲ್ಲಿ ಸೀಳಿದರು, ಬಲಗಾಲಲ್ಲಿ ಎಳೆದರು, ತುದಿಯಲ್ಲಿ ಗಿರ್ರನೆ ತಿರುಗಿದರು. ಮೈಕುಗಳು ಇನ್ನೂ ಬದುಕಿದ್ದವು. ಆ ಸರ್, ಸರ್ ಸದ್ದು ಸ್ಪೀಕರಿನಿಂದ ಹೊರಟು ಹಾಲ್ ತುಂಬಿಕೊಂಡಿತು. ಪ್ರಶಾಂತ್ ಮೆಲ್ಲಗೆ, ಬಹಳ ಮೆಲ್ಲಗೆ, ಆ ಸದ್ದಿನ ಅಡಿಗೆ ತನ್ನ ತಾಳ ಸೇರಿಸಿದ.

ಸ್ವಾತಿ ಕುಕ್ಕರುಗಾಲಲ್ಲಿ ಕೂತು ಲೇಸು ಬಿಚ್ಚಿದಳು. ಉಳಿದ ನಾಲ್ವರೂ ಬಿಚ್ಚಿದರು. ಬರಿಗಾಲಲ್ಲಿ ಐದು ಜನ ಅಜ್ಜಿಯ ಹಿಂದೆ ಸಾಲು ಹಿಡಿದರು. ನೋಡುತ್ತಿದ್ದವರ ಮೈ ಜುಮ್ಮೆಂದದ್ದು ಆಗ. ಏಕೆಂದರೆ ಸ್ವಾತಿ ಹಾಕುತ್ತಿದ್ದದ್ದು ಅಜ್ಜಿಯದೇ ಹೆಜ್ಜೆ. ಅದೇ ಸೀಳು, ಅದೇ ಎಳೆತ, ಎತ್ತಿದ ಅದೇ ಹಿಮ್ಮಡಿ. ಮೇಲೆ ತೋಳು, ಭುಜ ಹಿಪ್‌ಹಾಪ್ ಆಡುತ್ತಿದ್ದವು, ಕೆಳಗೆ ಕಾಲು ಬಣಕಲ್‌ನದು. "ಬೇರೆಲ್ಲ ಸ್ಟೆಪ್ ಫೋನ್ ನೋಡಿ ಕಲ್ತಿದ್ದು. ಇದನ್ನ ಯಾವತ್ತು ಕಲ್ತೆ ಅಂತ ನಂಗೇ ಗೊತ್ತಿಲ್ಲ. ನನ್ನದೇ ಅಂದ್ಕೊಂಡಿದ್ದೆ" ಎನ್ನುತ್ತಾಳೆ ಸ್ವಾತಿ.

ಮತ್ತೆ ದೇವೀರಮ್ಮ? ಅವರು ಒಮ್ಮೆ ಹಿಂತಿರುಗಿ ನೋಡಿದರಂತೆ. "ಮಕ್ಳಿಗೆ ಬುದ್ಧಿ ಬಂತು, ಕಾಫಿ ಗುಡ್ಡೆ ಮಾಡೋಕೆ ಕೈಜೋಡಿಸಿದ್ರು ಅಂದ್ಕೊಂಡೆ. ಕುಣೀತಿದಾರೆ ಅಂತ ದೇವ್ರಾಣೆ ಗೊತ್ತಾಗ್ಲಿಲ್ಲ."

ಬೀಜವೆಲ್ಲ ನಡುವೆ ಗುಡ್ಡೆಯಾದ ಮೇಲೆ ಅವರು ತಲೆಯೆತ್ತಿದರು. ಜನವೆಲ್ಲ ಎದ್ದು ನಿಂತಿದೆ! ಸಿಟ್ಟಾಗಿ ಎದ್ದು ಹೊರಟರೆಂದೇ ಅವರು ತಿಳಿದರು. ಚಪ್ಪಾಳೆ ಕೇಳಿಸಿತು, ಆದರೆ ಅದು ತಮಗೆಂದು ಹೊಳೆಯಲಿಲ್ಲ. ಮೊಮ್ಮಗಳ ಹಾಲ್ ತಮ್ಮ ಬಾಯಿಂದಾಗಿ ಕೈತಪ್ಪಿತೆಂದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟರು. ಸ್ವಾತಿ ಬರಿಗಾಲಲ್ಲೇ ಓಡಿ ಬಂದು ಏನು ಹೇಳಿದರೂ ಅವರು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀಯ ಪುಟ್ಟಿ" ಎಂದದ್ದೇ ಎಂದದ್ದು.

ಮೂರನೆಯ ದಿನ ಅರುಣಾ ತಾವೇ ತೋಟಕ್ಕೆ ಬಂದರು. ಕಾರು ಕಂಡ ದೇವೀರಮ್ಮ ಬೈಗುಳಕ್ಕೆ ಸಿದ್ಧರಾಗಿ ನಿಂತರು. ಅರುಣಾ ಕಣದ ಅಂಚಿನಲ್ಲಿ, ಯಾರೂ ಹೇಳುವ ಮೊದಲೇ, ಚಪ್ಪಲಿ ಬಿಟ್ಟರು. "ತಪ್ಪು ನಮ್ದು ದೇವೀರಮ್ಮ. ಕಾಫಿ ಮ್ಯೂಸಿಯಂ ಅಂತ ಬೋರ್ಡ್ ಹಾಕ್ಕೊಂಡು ಕಾಫಿನೇ ತುಳಿಸಿದ್ವಿ. ಶನಿವಾರ ಹಾಲ್ ಮಕ್ಕಳದೇ" ಎಂದರು. ಇಷ್ಟಾದರೂ ದೇವೀರಮ್ಮ ಮೊದಲು ಕೇಳಿದ್ದು, "ಆ ನಾಲ್ಕು ಚೀಲ ಎಂತ ಮಾಡಿದ್ರಿ?" ಬಿರಿದದ್ದನ್ನು ಆರಿಸಿ ಬೇರೆ ಮಾಡಿದ್ದೇವೆ ಎಂದ ಮೇಲೆಯೇ ಅವರ ಮುಖ ಸಡಿಲಾದದ್ದು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತರಂತೆ. ಮಂಜಯ್ಯ ಆ ಗಂಟೆಯ ಸರದಿಯನ್ನು ತಾವೇ ಇಳಿದು ತಿರುವಿದರು. ಅದೂ ಕೋಲಿನಲ್ಲಿ, ಬಲು ಕೆಟ್ಟದಾಗಿ.

ಈಗ ಆರು ಶನಿವಾರಗಳು ಕಳೆದಿವೆ. ಹಾಲ್‌ನ ಬಾಗಿಲಲ್ಲಿ ಬೂಟುಗಳ ಸಾಲು, ಒಳಗೆ ಮೊದಲ ಅರ್ಧ ಗಂಟೆ ಬರಿಗಾಲಲ್ಲಿ ಅಜ್ಜಿಯ ಹೆಜ್ಜೆ. ಚಿಕ್ಕಮಗಳೂರಿನ ಹೊಸ ಮಕ್ಕಳು ಹನ್ನೊಂದು ಜನ ಸೇರಿದ್ದಾರೆ. ಬಂದು ಹೇಳಿಕೊಡಿ ಎಂದು ಅರುಣಾ ಎಷ್ಟು ಕರೆದರೂ ದೇವೀರಮ್ಮ ಹೋಗಿಲ್ಲ. ಕಣ ಬಿಟ್ಟು ಹೋಗುವ ಕಾಲವಲ್ಲ ಇದು ಎನ್ನುತ್ತಾರೆ. "ಕುಣಿಯೋಕೆ ನಂಗೆ ಬರಲ್ಲ. ನಂದು ಕೆಲ್ಸ. ಅದ್ರಲ್ಲಿ ಕುಣಿತ ಇದೆ ಅಂತ ಇಷ್ಟು ವರ್ಷ ಯಾರೂ ಹೇಳ್ಲಿಲ್ಲ ನೋಡಿ."

ಹಾಗಾದರೆ ಅಲ್ಲಿಗೆ ಮತ್ತೆ ಹೋಗುವ ಆಸೆಯೇ ಇಲ್ಲವೇ? ಸಾಲಿನ ತುದಿಯಲ್ಲಿ ತಿರುಗಬೇಕಾದ ಕಾಲು ಒಂದು ಗಳಿಗೆ ನಿಲ್ಲುತ್ತದೆ.

"ಇದೆ. ಈ ಕಣದಲ್ಲಿ ನಾವು ಹದಿನಾಲ್ಕು ಜನ ಹೆಂಗಸ್ರು. ಕಾಫಿ ಕೆಲ್ಸ ಮುಗೀಲಿ, ಒಂದು ಶನಿವಾರ ಅಷ್ಟೂ ಜನ ಹೋಗ್ಬೇಕು. ಕುರ್ಚಿ ಮೇಲೆ ಕೂರ್ಬೇಕು. ನಮ್ಮ ಹೆಜ್ಜೆನ ಬೇರೆಯವ್ರು ಹಾಕೋದನ್ನ ಸುಮ್ನೆ ಕೂತು ನೋಡ್ಬೇಕು. ಅವತ್ತು ಯಾರು ಕರೆದ್ರೂ ನಾವ್ಯಾರೂ ಏಳಲ್ಲ."