ಗುಡ್ಡದ ಅರ್ಜಿ

ನನ್ನ ಚಿಗವ್ವನ ಗಂಡನಿಗೆ ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಇರುವ ನಮ್ಮೂರಿನ ಬೆನ್ನಿಗೆ ಒಂದು ಕಲ್ಲುಗುಡ್ಡವಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೇಲೆ ಎದೆಮಟ್ಟ ಹುಲ್ಲು. ಸಂಕ್ರಾಂತಿ ದಾಟಿತೆಂದರೆ ಆ ಹುಲ್ಲೆಲ್ಲ ಒಣಗಿ ಕಾಲಿಟ್ಟಲ್ಲಿ ಪಟಪಟ ಮುರಿಯುತ್ತದೆ. ಆಗಿನಿಂದ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾಯುವುದು ಕಾಕಾನ ಕೆಲಸವಾಗಿತ್ತು. ಅರಣ್ಯದವರು ಕೊಡುತ್ತಿದ್ದ ದಿನಗೂಲಿಯ ಕೆಲಸ ಅದು.

ಮೊದಲು ಗುಡ್ಡದ ಬುಡದಲ್ಲಿ ಉದ್ದಕ್ಕೂ ಹುಲ್ಲು ಕೊಯ್ಯುತ್ತಿದ್ದರು. ಗಾಳಿ ಏಳುವ ಮುಂಚೆ, ಬೆಳಗಿನ ಇಬ್ಬನಿ ಇರುವಾಗಲೇ, ಕೊಯ್ದ ಜಾಗದ ಉಳಿದ ಕೂಳೆಯನ್ನು ತಾವೇ ಸುಟ್ಟು ಕಪ್ಪು ಪಟ್ಟಿ ಮಾಡುತ್ತಿದ್ದರು. ಅದಕ್ಕೆ ಬೆಂಕಿರೇಖೆ ಎನ್ನುತ್ತಾರೆ. ಹೊಲದ ಕಡೆಯಿಂದ ಬೆಂಕಿ ಬಂದರೂ ಅಲ್ಲಿಗೆ ನಿಲ್ಲಬೇಕು, ಮುಂದೆ ಅದಕ್ಕೆ ತಿನ್ನಲು ಏನೂ ಸಿಗಬಾರದು. ಆಮೇಲೆ ಕಾಕಾ ಬುತ್ತಿ ಕಟ್ಟಿಕೊಂಡು ಹೋಗಿ ಗುಡ್ಡದ ಮೇಲಿನ ಬಂಡೆಯ ಮೇಲೆ ಕೂಡುತ್ತಿದ್ದರು. ಹೊಸ ಹುಲ್ಲು ಚಿಗುರಲೆಂದು ಹಳೆಯದಕ್ಕೆ ಕಡ್ಡಿ ಗೀರುವ ಕುರಿಗಾರರು ಯಾರು, ಜೇನು ಬಿಡಿಸಲು ಹೊಗೆ ಹಾಕಿ ಹಾಗೇ ಬಿಟ್ಟು ಬರುವವರು ಯಾರು, ಎಲ್ಲ ಅವರಿಗೆ ಗೊತ್ತಿತ್ತು. ಯಾರ ಹೆಸರನ್ನೂ ಅವರು ಕಚೇರಿಗೆ ಮುಟ್ಟಿಸಲಿಲ್ಲ. ಸಂಜೆ ಅಂಥವರ ಮನೆ ಕಟ್ಟೆಗೆ ಹೋಗಿ ಕೂತು, ಚಹಾ ಕುಡಿದು, ಏಳುವಾಗ ಹೇಳುತ್ತಿದ್ದರು: "ಗುಡ್ಡದಾಗ ಕರಡಿ ಮರಿ ಹಾಕೈತಿ. ಈ ವರ್ಷ ಬ್ಯಾಡಪ್ಪ." ಅಷ್ಟೇ. ಬಹಳ ಮಂದಿ ಅದನ್ನು ನಡೆಸಿಕೊಡುತ್ತಿದ್ದರು.

ಕೆಲವು ವರ್ಷದ ಹಿಂದೆ ಗುಡ್ಡದ ಅಳತೆಯಾಯಿತು. ಊರ ಕಡೆಯ ಅರ್ಧ ಗುಡ್ಡ ಅರಣ್ಯದ್ದಲ್ಲ, ಕಂದಾಯದ ಗಾಯರಾಣ, ಅಂದರೆ ದನ ಮೇಯುವ ಗೋಮಾಳ ಎಂದು ನಕ್ಷೆಯಲ್ಲಿ ಬಂತು. ಆ ಬೇಸಿಗೆಯಿಂದ ಈ ಕಡೆಗೆ ಕಾವಲು ನಿಂತಿತು, ರೇಖೆ ಹಾಕುವುದೂ ನಿಂತಿತು. ಆ ಕಡೆಗೆ ಬೇರೆ ಊರಿನವರನ್ನು ಹಾಕಿಕೊಂಡರು. ಕಾಕಾಗೆ ವಯಸ್ಸೂ ಆಗಿತ್ತು, ಇನ್ನು ಬರಬೇಡ ಎಂದರು. ಅವರು ಹೋಗುವುದನ್ನು ಬಿಡಲಿಲ್ಲ. ಆದರೆ ಒಬ್ಬರೇ ಅಷ್ಟುದ್ದ ಹುಲ್ಲು ಕೊಯ್ಯಲಾದೀತೆ?

ನಾನು ಊರ ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಒಂದು ದಿನ ಕಾಕಾ ಕಚೇರಿಗೆ ಬಂದು, ಟವೆಲ್ಲಿನಿಂದ ಕುರ್ಚಿ ಒರೆಸಿಕೊಂಡು ಕೂತರು.

"ಒಂದು ಅರ್ಜಿ ಬರಿ ಮಗಳ. ಉದ್ಯೋಗ ಖಾತ್ರಿಯೊಳಗ ಬೆಂಕಿರೇಖಿ ಮಾಡಿಸ್ರಿ ಅಂತ. ಹದಿನೈದು ಆಳು, ನಾಕು ದಿನ. ಭಾಳ ಏನ್ ಬೇಕಾಗಿಲ್ಲ."

ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು. ಆ ಕೆಲಸ ನಮ್ಮ ಕ್ರಿಯಾಯೋಜನೆಯಲ್ಲಿ ಇರಲಿಲ್ಲ. ಸೇರಿಸಬೇಕೆಂದರೆ ಜಾಗ ಯಾರದೋ ಅವರ ಒಪ್ಪಿಗೆ ಬೇಕು. ಅರ್ಜಿಯನ್ನು ಅರಣ್ಯದ ಕಚೇರಿಗೆ ಕಳಿಸಿದೆವು. ತಿಂಗಳ ಮೇಲೆ ಉತ್ತರ ಬಂತು: ಸದರಿ ಪ್ರದೇಶವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಕಂದಾಯದ ಕಚೇರಿಗೆ ಕಳಿಸಿದೆವು. ಅಲ್ಲಿಂದ, ಬೆಂಕಿ ತಡೆಯುವ ಕಾಮಗಾರಿ ನಮ್ಮದಲ್ಲ, ಮೊದಲಿನ ಕಚೇರಿಗೇ ಬರೆಯಿರಿ ಎಂದು ಬಂತು. ಎರಡನ್ನೂ ಅರ್ಜಿಗೆ ಟ್ಯಾಗ್ ಹಾಕಿ ಕಟ್ಟಿ ಕಪಾಟಿನಲ್ಲಿಟ್ಟೆ. ಮೊದಲಿನ ಕಚೇರಿಗೆ ಮತ್ತೆ ಬರೆಯಬೇಕಿತ್ತು. ಬರೆಯಲಿಲ್ಲ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬರೆದರೂ ಅದೇ ಉತ್ತರ ಬರುತ್ತದೆ ಎನಿಸಿತು, ಬಿಟ್ಟೆ.

ಕಾಕಾ ಮೂರು ಸಲ ಕೇಳಲು ಬಂದರು. ಮೂರನೆಯ ಸಲ ಮಾರ್ಚಿ ತಿಂಗಳ ಗಡಿಬಿಡಿ. ಸರ್ವರ್ ಬೇರೆ ಕೈಕೊಟ್ಟಿತ್ತು, ಮುಂದೆ ಹತ್ತಾರು ಜನ ನಿಂತಿದ್ದರು.

"ಗುಡ್ಡ ನಮ್ಮದಲ್ಲ ಅಂತ ಎಲ್ಲಾರೂ ಬರದಾರ ಕಾಕಾ. ನಾ ಏನ್ ಮಾಡ್ಲಿ?" ಎಂದೆ. ದನಿ ಬಿರುಸಾಗಿತ್ತು.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಗುಡ್ಡ ಯಾರದರ ಆಗ್ಲಿ, ಹುಲ್ಲಂತೂ ಒಣಗೈತಿ" ಎಂದು ಎದ್ದು ಹೋದರು.

ಅದಾಗಿ ಒಂಬತ್ತನೆಯ ದಿನ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಕಿಟಕಿಯಲ್ಲಿ ಹೊಗೆ ಕಂಡಿತು. ಗುಡ್ಡದ ಬುಡದ ಹೊಲದವನೊಬ್ಬ ಮೆಕ್ಕೆಜೋಳದ ದಂಟು ಸುಡುತ್ತಿದ್ದ. ವರ್ಷವೂ ಸುಡುತ್ತಿದ್ದ. ಆ ದಿನ ಗಾಳಿ ತಿರುಗಿತು. ನಾವು ಹೊರಗೆ ಬರುವಷ್ಟರಲ್ಲಿ ಬೆಂಕಿ ಹೊಲದ ಬದು ದಾಟಿ ಹುಲ್ಲಿಗೆ ಹತ್ತಿತ್ತು. ಹುಲ್ಲಿನ ಬೆಂಕಿ ಏರಿನಲ್ಲಿ ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ದೂರದಿಂದ ಅದರ ಸದ್ದು ಜೋರು ಮಳೆಯ ಸದ್ದಿನಂತೆಯೇ ಕೇಳುತ್ತಿತ್ತು.

ಅಗ್ನಿಶಾಮಕದವರಿಗೆ ಫೋನ್ ಹೋಯಿತು. ಅವರ ಗಾಡಿ ಬಂತು, ಆದರೆ ಗುಡ್ಡಕ್ಕೆ ದಾರಿಯಿಲ್ಲ. ಪೈಪು ಬುಡದ ಹುಣಸೆ ಮರದವರೆಗೆ ಮುಟ್ಟಿತು, ಅಷ್ಟೇ. ಆ ಹೊತ್ತಿಗಾಗಲೇ ಕಾಕಾ ಮತ್ತು ಇನ್ನಿಬ್ಬರು ಹಸಿ ಟೊಂಗೆ ಮುರಿದುಕೊಂಡು ಮೇಲೆ ಹೋಗಿದ್ದರು. ಟೊಂಗೆಯಿಂದ ಬಡಿಬಡಿದು ಅಂಚಿನ ಬೆಂಕಿ ಆರಿಸುತ್ತ ಹೋಗುವುದು ಕಾಕಾಗೆ ರೂಢಿಯ ಕೆಲಸ. ಜೊತೆಗಿದ್ದ ಇಬ್ಬರು ಇಳಿದು ಬಂದರು. ಹೊಗೆ ಕವಿದು ಒಬ್ಬರಿಗೊಬ್ಬರು ಕಾಣಲಿಲ್ಲ, ಕಾಕಾ ಹಿಂದೆಯೇ ಬರುತ್ತಿದ್ದಾರೆ ಎಂದುಕೊಂಡೆವು ಎಂದರು. ಸಂಜೆಯ ಮುಂದೆ ಕೊರಕಲಿನಲ್ಲಿ ಸಿಕ್ಕರು. ಕಾಲು ಜಾರಿ ಬಿದ್ದಿದ್ದರು, ಬೆಂಕಿ ಅವರ ಮೇಲೆ ಹಾದುಹೋಗಿತ್ತು.

ಕೊಪ್ಪಳದ ದವಾಖಾನೆಯಲ್ಲಿ ನಾಲ್ಕು ದಿನ ಇದ್ದರು. ಎರಡನೆಯ ದಿನ ಎಚ್ಚರವಾದಾಗ ಚಿಗವ್ವನನ್ನು ಒಂದೇ ಮಾತು ಕೇಳಿದರು.

"ಆರಿತೇನು?"

"ಆರೈತಿ" ಎಂದಳು ಚಿಗವ್ವ. ಆರಿರಲಿಲ್ಲ. ಗುಡ್ಡದ ಆಚೆ ಮಗ್ಗುಲಲ್ಲಿ ಸೀತಾಫಲದ ಗಿಡಗಳಿಗೆ ಹಿಡಿದು, ಬಂಡೆಗಳ ಸಂದಿಯಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಚಾದರದ ಹೊರಗೆ ಕಾಣುತ್ತಿದ್ದ ಕಾಕಾನ ಒಂದು ಪಾದ ಮಾತ್ರ ಸುಡದೆ ಉಳಿದಿತ್ತು. ಅದನ್ನು ಮುಟ್ಟಲು ಧೈರ್ಯ ಸಾಲಲಿಲ್ಲ.

ಕಾಕಾನನ್ನು ಮಣ್ಣು ಮಾಡಿ ಹನ್ನೆರಡು ದಿನಕ್ಕೆ ಊರ ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಫೋನಿನಲ್ಲಿ ಬೆಂಕಿಯ ವಿಡಿಯೊ ಜಿಲ್ಲೆಯೆಲ್ಲ ಸುತ್ತಿ, ಹೊಣೆ ಯಾರದು ಎಂಬ ಜಗಳ ಶುರುವಾಗಿತ್ತು. ಅರಣ್ಯದಿಂದ ಬಂದವರು ನಕ್ಷೆ ಬಿಡಿಸಿ, ಬೆಂಕಿ ಹೊತ್ತಿದ್ದು ನಮ್ಮ ಗಡಿಯ ಹೊರಗೆ ಎಂದರು. ಕಂದಾಯದಿಂದ ಬಂದವರು, ನಮ್ಮಲ್ಲಿ ಬೆಂಕಿ ಕಾಯುವ ಮಂದಿ ಎಲ್ಲಿದ್ದಾರೆ ಎಂದರು. ಊರಿನ ಕೆಲವರು ತಪ್ಪನ್ನು ಕುರಿಗಾರರ ಮೇಲೆ ಹಾಕಿದರು.

"ನಮ್ಮ ಕುರಿ ಅವತ್ತು ಕುಕನೂರು ಕಡೆ ಇದ್ವು. ಬೇಕಾದ್ರ ಕೇಳಿ ಬರ್ರಿ" ಎಂದು ಒಬ್ಬ ಮುದುಕ ಎದ್ದು ನಿಂತು ಹೇಳಿದ.

ದಂಟು ಸುಟ್ಟವನು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. "ಹೊಲ ಯಾರ್ ಸುಡಂಗಿಲ್ರಿ? ನೀವು ಸುಟ್ಟಿಲ್ಲೇನು?" ಎಂದು ಅವನ ಅಣ್ಣ ಸಭೆಯನ್ನೇ ಕೇಳಿದ.

ನಾನು ಮೇಜಿನ ತುದಿಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದೆ. ಆಗ ಮೇಲಧಿಕಾರಿಯೊಬ್ಬರು ಕೇಳಿದರು: "ಬೆಂಕಿರೇಖೆ ಮಾಡಿಸಿ ಅಂತ ಊರಿನವರು ಯಾರಾದರೂ ಮೊದಲೇ ಅರ್ಜಿ ಕೊಟ್ಟಿದ್ದರೇನು?"

ಪಂಚಾಯಿತಿಯವರು ನನ್ನ ಕಡೆ ನೋಡಿದರು. ಹೆಣ್ಣುಮಕ್ಕಳ ಸಾಲಿನಲ್ಲಿ ಚಿಗವ್ವ ಕೂತಿದ್ದಳು. ಕಾಕಾ ನನ್ನ ಹತ್ತಿರ ಮೂರು ಸಲ ಬಂದದ್ದು ಅವಳಿಗೆ ಗೊತ್ತು. ಅವಳೂ ನೋಡಿದಳು.

"ಕಡತ ನೋಡ್ಬೇಕ್ರಿ" ಎಂದೆ.

ಅವರು ತಲೆಯಾಡಿಸಿ ಮುಂದಿನ ಮಾತಿಗೆ ಹೋದರು. ಚಿಗವ್ವ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಜಂಟಿ ಸರ್ವೆ ಆಗಬೇಕು ಎಂದು ಠರಾವಾಗಿ ಸಭೆ ಮುಗಿಯಿತು. ಆ ಠರಾವನ್ನೂ ನನ್ನ ಕೈಯಾರೆ ಬರೆದೆ.

ಎಂಟು ದಿನ ಊಟ ಸೇರಲಿಲ್ಲ. ಒಂಬತ್ತನೆಯ ದಿನ ಚಿಗವ್ವನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನೂ ಕೂತು ಮೊರದಲ್ಲಿ ಒಂದಿಷ್ಟು ಕಾಳು ಹಾಕಿಕೊಂಡೆ. ಆ ಕಾಳು ಹಸನಾದ ಮೇಲೆ ಹೇಳಿದೆ.

"ಅರ್ಜಿ ಕಪಾಟಿನಾಗ ಇತ್ತು ಚಿಗವ್ವ. ಮತ್ತೊಮ್ಮೆ ಬರೀಬೇಕಿತ್ತು, ಬರೀಲಿಲ್ಲ. ಸಭಾದಾಗೂ ಹೇಳ್ಲಿಲ್ಲ."

"ಗೊತ್ತೈತಿ."

"ಮತ್ತ ನೀನ್ಯಾಕ ಸುಮ್ಮನ ಕುಂತಿ?"

ಅವಳು ಕಲ್ಲೊಂದನ್ನು ಆರಿಸಿ ಬದಿಗಿಟ್ಟಳು. "ಹೇಳಿದ್ರ ನಿನ್ನ ಹೆಸರು ಎಲ್ಲಾರಿಗೂ ಸಿಗ್ತಿತ್ತು. ಅವತ್ತ ಹೊಣಿ ಯಾರದಂತ ತೀರ್ಮಾನ ಆಗಿ, ಎಲ್ಲಾರೂ ಮನಿಗೆ ಹೋಗಿ ಉಂಡು ಮಲಗ್ತಿದ್ರು. ಅದಕ್ಕ ಹೇಳ್ಲಿಲ್ಲ." ಕಾಳು ಒಮ್ಮೆ ಕೇರಿ, "ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ ತಿಳ್ಕೋಬ್ಯಾಡ. ಸಿಟ್ಟೈತಿ. ಇನ್ನೂ ಭಾಳ ದಿವಸ ಇರ್ತೈತಿ" ಎಂದಳು.

ಮರುದಿನ ನಾನು ಅರ್ಜಿಯ ನಕಲು ತೆಗೆದು, ಅದು ಎಲ್ಲೆಲ್ಲಿ ಹೋಗಿ ಎಲ್ಲಿ ನಿಂತಿತು, ನಿಲ್ಲಿಸಿದ್ದು ಯಾರು ಎಂಬುದನ್ನೆಲ್ಲ ಬರೆದು, ಸಹಿ ಮಾಡಿ ಆ ಅಧಿಕಾರಿಗೆ ಕಳಿಸಿದೆ. ನನಗೊಂದು ನೋಟಿಸು ಬಂತು, ಉತ್ತರ ಕೊಟ್ಟೆ. ಕೆಲಸ ಉಳಿಯಿತು. ಉಳಿದದ್ದಕ್ಕೆ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಜಂಟಿ ಸರ್ವೆ ಮಾತ್ರ ಇನ್ನೂ ಆಗಿಲ್ಲ. ಒಂದು ಸಲ ದಿನ ಗೊತ್ತಾಗಿತ್ತು, ಒಂದು ಕಡೆಯವರು ಬಂದರು, ಇನ್ನೊಂದು ಕಡೆಯವರು ಬರಲಿಲ್ಲ.

ಮುಂದಿನ ಸಂಕ್ರಾಂತಿಯಾದ ಮೇಲೆ ನಾವು ಯಾರ ಒಪ್ಪಿಗೆಗೂ ಕಾಯಲಿಲ್ಲ. ಊರಿನ ಹೆಣ್ಣುಮಕ್ಕಳು ಹನ್ನೊಂದು ಮಂದಿ ಕುಡಗೋಲು ಹಿಡಿದು ಹೊರಟೆವು. ನಾನು ರಜೆ ಹಾಕಿದ್ದೆ. ಅಲ್ಲಿ ಹೋಗಿ ನೋಡಿದರೆ ದಂಟು ಸುಟ್ಟ ಹೊಲದವನು ಆಗಲೇ ಬಂದು ತನ್ನ ಬದುವಿನ ಪಕ್ಕದಲ್ಲಿ ಕೊಯ್ಯುತ್ತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅರ್ಧ ದಿನ ಅವನೂ ನಾನೂ ಅಕ್ಕಪಕ್ಕದ ಸಾಲಿನಲ್ಲಿ ಬಗ್ಗಿ ಕೊಯ್ದೆವು. ನೀರಿನ ಕೊಡ ಬಂದಾಗ ಅವನು ಹಿಂದೆ ಸರಿದು ನಿಂತ. ಒಬ್ಬ ಮುದುಕಿ ತಂಬಿಗೆ ತುಂಬಿ ಅವನ ಮುಂದೆಯೂ ಹಿಡಿದಳು.

ಚಿಗವ್ವ ಬಂದಿರಲಿಲ್ಲ. ಬೆಂಕಿಯಾದ ಮೇಲೆ ಅವಳು ಗುಡ್ಡದ ಕಡೆ ಹೋಗಿಯೇ ಇಲ್ಲ. ಸಂಜೆ ಅವಳ ಮನೆಗೆ ಹೋಗಿ, ಇವತ್ತು ಇಷ್ಟಾಯಿತು ಎಂದು ಹೇಳಿದೆ.

"ಎಷ್ಟು ಅಗಲ ಕೊಯ್ದೀರಿ?"

"ಐದಾರು ಹೆಜ್ಜಿ ಆಗ್ತೈತಿ."

"ಸಾಲಂಗಿಲ್ಲ. ಅವ್ರು ಹತ್ತು ಹೆಜ್ಜಿ ಮಾಡ್ತಿದ್ರು" ಎಂದಳು. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನಾನು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದು, ನಾಳೆಗೂ ಬರಲು ಹೇಳಬೇಕೆಂದು ಒಂದೊಂದೇ ಮನೆಗೆ ಹೊರಟೆ.