ಗಲೀಮಜ್ಜಿಯ ಟಾಲ್

ಲಕ್ವ ಹೊಡೆದು ಗಲೀಮಜ್ಜಿಯ ಮಾತು ನಿಂತುಹೋದಾಗ ನಮ್ಮ ಬೊ-ಕಾಪ್ ಕೇರಿಯ ಬೀದಿಯೇ ಬಿಕೋ ಎನ್ನತೊಡಗಿತು. ಆ ಬಾಯೇನು ಸಾಮಾನ್ಯದ್ದೇ! ಹಗಲೆಲ್ಲ ಮದುವೆಮನೆಗಳ ಅಡುಗೆ, ಸಂಜೆ ತನ್ನ ಮುಂಗೋಣೆಯಲ್ಲಿ ಬೀದಿಯ ಮಕ್ಕಳಿಗೆ ಕುರಾನಿನ ಅಕ್ಷರಪಾಠ. ಅಕ್ಷರ ಅರಬ್ಬಿ, ರಾಗವಾಗಿ ಬಾಯಿಪಾಠ ಮಾಡಿಸುವುದು ಮಾತ್ರ ನಮ್ಮ ಮನೆಮಾತಾದ ಆಫ್ರಿಕಾನ್ಸಿನಲ್ಲಿ. ನಾನೂ ಅಲ್ಲೇ ಕಲಿತವಳು, ನನ್ನ ಮಗಳು ಶಿಹಾಮಳೂ ಅಲ್ಲೇ.

ಭಾಷೆಗೆ ನಾವು ಟಾಲ್ ಎನ್ನುತ್ತೇವೆ. ಆ ಪದ ಎಲ್ಲಿಂದ ಬಂತೆಂದು ಒಮ್ಮೆ ಅಜ್ಜಿಯನ್ನೇ ಕೇಳಿದ್ದೆ.

"ಡಚ್ಚರ ಹಡಗಲ್ಲಿ ಬಂತು ಕಣೇ. ಹಿಂದೆ ಟಾಲ್ ಅಂದ್ರೆ ಹೇಳೋದು, ಕಥೆ, ಎಣಿಕೆ, ಎಲ್ಲಾ ಅದೇ ಆಗಿತ್ತಂತೆ. ಅವರ ಮನೇಲಿ ಗುಲಾಮರಾಗಿದ್ದ ನಮ್ಮೋರು ಅವರ ಮಾತನ್ನೇ ಬಗ್ಗಿಸಿ ನಮ್ಮದು ಮಾಡ್ಕೊಂಡ್ರು. ದೊರೆಗಳು ಅದನ್ನ 'ಅಡುಗೆಮನೆ ಟಾಲ್' ಅಂತ ಆಡ್ಕೊಂಡ್ರು. ಆಡ್ಕೊಳ್ಲಿ ಬಿಡು! ಅಡುಗೆಮನೆ ಇಲ್ದಿದ್ರೆ ಏನು ತಿಂತಿದ್ರು, ಮಣ್ಣಾ?"

ಅಂಥವಳು ಈಗ ಗೋಡೆ ನೋಡುತ್ತ ಕೂತಿದ್ದಳು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಬಟ್ಟಲಿನ ಚಿತ್ರ ಹಿಡಿದು, "ಇದೇನಮ್ಮಾ?" ಎಂದು ಪಾಪ, ಎಷ್ಟು ಸಲ ಕೇಳಿದಳೋ. ಅಜ್ಜಿಯ ತುಟಿ ಅದುರುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಮಾತು ಮರಳುವುದು ಕಷ್ಟ ಎಂದು ಹೇಳಿ ಮನೆಗೆ ಕಳಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆಂದು ಉರಿದು ಬೀಳಲಿ?

"ಪಾಠ ನಿಲ್ಲಿಸೋದು ಬೇಡ, ನಾನೇ ಹೇಳ್ಕೊಡ್ತೀನಿ" ಎಂದು ಮಕ್ಕಳನ್ನು ಅವಳ ಮುಂಗೋಣೆಯಲ್ಲೇ ಕೂರಿಸಿದೆ. ಅವಳಿಗೆ ಸದ್ದಾದರೂ ಕೇಳಲಿ ಎಂಬ ಆಸೆ ಅಷ್ಟೇ. ಮಕ್ಕಳು ತಲೆಯಾಡಿಸುತ್ತ ರಾಗ ಹಿಡಿದವು.

ಸ್ವಲ್ಪ ಹೊತ್ತಿಗೆ ಶಿಹಾಮ್ ನನ್ನ ತೋಳು ಜಗ್ಗಿದಳು. "ಅಮ್ಮಾ, ಅಜ್ಜಿ..."

ಕುರ್ಚಿಯಿಂದ ಒಂದು ಗೊಗ್ಗರು ದನಿ ನಮ್ಮ ರಾಗದ ಜೊತೆ ಸೇರಿಕೊಂಡಿತ್ತು. ಬಟ್ಟಲು ಎನ್ನಲಾರದವಳು ಅಕ್ಷರಗಳನ್ನು ಒಂದೊಂದಾಗಿ, ಸರಿಯಾಗಿ ಹೇಳುತ್ತಿದ್ದಳು! ನಾನು ಗಕ್ಕನೆ ಅವಳತ್ತ ತಿರುಗಿದೆ. ಆ ಗಾಬರಿಯಲ್ಲಿ ಒಂದು ಅಕ್ಷರ ಹಾರಿಸಿಬಿಟ್ಟೆ. ಮಕ್ಕಳೂ ನನ್ನ ಹಿಂದೆಯೇ ಹಾರಿಸಿದವು.

ಕುರ್ಚಿಯ ದನಿ ಅಲ್ಲಿಗೇ ನಿಂತಿತು. ಅಜ್ಜಿ ಸರಿಯಿದ್ದ ಕೈಯಿಂದ ಕುರ್ಚಿ ಕುಟ್ಟಿದಳು. ಮುಖ ಕೆಂಪಾಯಿತು.

"ತ... ತಪ್ಪು!" ಎಂದಳು. ಉಸಿರೆಳೆದುಕೊಂಡು ನನ್ನತ್ತ ಬೆರಳು ತೋರಿಸಿದಳು. "ಕತ್ತೆ!"

ಮಕ್ಕಳು ಹೋ ಎಂದು ನಕ್ಕವು. ನಾನು ಅವಳ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತೆ.

"ಇನ್ನೊಂದ್ಸಲ ಬೈಯಜ್ಜಿ" ಎಂದೆ.

ಬೈದಳು.