ಬಾಟಲಿ ತುಂಬ ಕ್ಯಾಸೆಟ್ಟಿನ ಹಲ್ಲುಗಳು

ಬೆಳಗಿನ ಐದೂವರೆ. ಬೀದಿಯಲ್ಲಿ ಇನ್ನೂ ಒಂದು ಅಂಗಡಿಯ ಬಾಗಿಲೂ ತೆರೆದಿಲ್ಲ. ಮೆಟ್ಟಿಲ ಕೆಳಗಿನ ಎಂಟಡಿ ಕೋಣೆಯಲ್ಲಿ ಮಾತ್ರ ದೀಪವಿದೆ. ಅರವತ್ತೆರಡರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಳೆಯ ವಿಡಿಯೋ ಕ್ಯಾಸೆಟ್ಟೊಂದರ ಬೆನ್ನಿಗೆ ಸ್ಕ್ರೂಡ್ರೈವರ್ ತಾಗಿಸಿ ಒತ್ತುತ್ತಾರೆ. ಟಕ್ ಎಂದು ಉಗುರಿನಷ್ಟು ಪ್ಲಾಸ್ಟಿಕ್ ಚೂರು ಮುರಿದು ಮೇಜಿನ ಮೇಲೆ ಬೀಳುತ್ತದೆ. ಕ್ಯಾಸೆಟ್ಟು ತಂದವರು ಬೆಚ್ಚಿ ಎದ್ದು ನಿಲ್ಲುತ್ತಾರೆ.

"ಗಾಬರಿ ಬೀಳ್ಬೇಡಿ, ಹಲ್ಲು ಕಿತ್ತೆ ಅಷ್ಟೇ. ಇನ್ನು ಇದರ ಮೇಲೆ ಯಾರೂ ಏನೂ ರೆಕಾರ್ಡ್ ಮಾಡಕ್ಕಾಗಲ್ಲ. ನಾನೂ ಸೇರಿ."

ತಂದವರು ಬಸ್ ಡ್ರೈವರ್. ಪಕ್ಕದಲ್ಲಿ ಕತ್ತಿಗೆ ವಸ್ತ್ರ ಸುತ್ತಿಕೊಂಡು ಕೂತಿರುವವರು ಅವರ ತಾಯಿ. ಎಂಟು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಮಾತು ನಿಂತುಹೋಗಿದೆ. ಆರು ವರ್ಷದ ಮೊಮ್ಮಗಳು ಅಜ್ಜಿಯ ದನಿಯನ್ನೇ ಕೇಳಿಲ್ಲ. ಮನೆಯಲ್ಲಿ ಆ ದನಿ ಉಳಿದಿರಬಹುದಾದದ್ದು ಈ ಒಂದೇ ಕ್ಯಾಸೆಟ್ಟಿನಲ್ಲಿ. ಮಗ ಯಾರಿಂದಲೋ ಪ್ಲೇಯರ್ ಎರವಲು ತಂದು ಹಾಕಿ ನೋಡಿದರಂತೆ. ಚಿತ್ರ ಬಂತು, ಸದ್ದು ಬರಲಿಲ್ಲ.

ಸ್ಕ್ರೂಡ್ರೈವರ್ ಹಿಡಿದ ಈಕೆ ಬೀದಿಯವರ ಬಾಯಲ್ಲಿ ವೈರಕ್ಕ. ಇಪ್ಪತ್ತಮೂರನೇ ವಯಸ್ಸಿಗೆ ವಿಡಿಯೋ ಯಂತ್ರ ಮಾರುವ ಅಂಗಡಿಗೆ ಸೇರಿದವರು. ಕೊಂಡವರ ಮನೆಗೆ ಹೋಗಿ ವೈರು ಸಿಕ್ಕಿಸಿ, ಅರ್ಥ ಮಾಡಿಸಿ ಬರುವುದೇ ಕೆಲಸ. ಹೆಂಗಸು ಬಂದಿದ್ದಾಳೆಂದು ಬಾಗಿಲಲ್ಲೇ ನಿಲ್ಲಿಸಿ, ಗಂಡಸರು ಯಾರಾದರೂ ಇದ್ದರೆ ಕಳಿಸಿ ಎಂದವರಿದ್ದಾರೆ. ಅಂಥವರೇ ಮಾರನೆಯ ದಿನ, ಚಿತ್ರ ಬರುತ್ತಿಲ್ಲವೆಂದು ಮತ್ತೆ ಇವರಿಗೇ ಹೇಳಿ ಕಳಿಸುತ್ತಿದ್ದರು. ಹಳದಿ ವೈರು ಚಿತ್ರಕ್ಕೆ, ಕೆಂಪು ಬಿಳಿ ಸದ್ದಿಗೆ ಎಂಬುದು ಬೇಗ ತಲೆಗೆ ಹೋಗುತ್ತಿತ್ತು. ಎಲ್ಲರೂ ಎಡವುತ್ತಿದ್ದದ್ದು ಇನ್ ಮತ್ತು ಔಟ್ ಹತ್ತಿರ.

"ಔಟ್ ಅಂದ್ರೆ ಹೊರಡೋ ಬಾಗಿಲು, ಇನ್ ಅಂದ್ರೆ ಹೋಗಿ ಸೇರೋ ಬಾಗಿಲು. ಔಟಿಂದ ಔಟಿಗೆ ಸಿಗಿಸಿದ್ರೆ, ಇಬ್ರೂ ಒಬ್ರನ್ನೊಬ್ರು ನೋಡಕ್ಕೆ ಅಂತ ಮನೆ ಬೀಗ ಹಾಕ್ಕೊಂಡು ಹೊರಟಂಗೆ" ಎಂದು ನಗುತ್ತಾರೆ. ಪ್ಲೇಯರ್ ಯಾವುದು, ರೆಕಾರ್ಡರ್ ಯಾವುದು ಎಂದರೆ ಅದಕ್ಕೂ ಮಾತು ಸಿದ್ಧವಿದೆ. ಒಂದಕ್ಕೆ ಓದಲು ಮಾತ್ರ ಬರುತ್ತದೆ, ಇನ್ನೊಂದಕ್ಕೆ ಬರೆಯಲೂ ಬರುತ್ತದೆ. ಬರೆಯಲು ಬರುವವರ ಹತ್ತಿರವೇ ಹುಷಾರಾಗಿರಬೇಕು.

ಇದನ್ನು ಹೇಳುವಾಗ ಮಾತ್ರ ನಗುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬ ಗಿರಾಕಿಯ ಕ್ಯಾಸೆಟ್ಟಿಗೆ ನಕಲು ತೆಗೆಯಲು ಎರಡು ರೆಕಾರ್ಡರ್ ಜೋಡಿಸಿದ್ದರು. ವೈರುಗಳು ಅದಲುಬದಲಾಗಿದ್ದವು. ಖಾಲಿ ಕ್ಯಾಸೆಟ್ಟಿದ್ದ ಯಂತ್ರದಲ್ಲಿ ಒತ್ತಬೇಕಾದ ರೆಕಾರ್ಡಿಂಗಿನ ಕೆಂಪು ಗುಂಡಿಯನ್ನು ಮೂಲ ಕ್ಯಾಸೆಟ್ಟಿದ್ದದ್ದರಲ್ಲಿ ಒತ್ತಿದರು. ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಹನ್ನೊಂದು ನಿಮಿಷ ಅಳಿಸಿಹೋಗಿತ್ತು. ಆ ಹನ್ನೊಂದು ನಿಮಿಷದಲ್ಲಿ ಗಿರಾಕಿಯ ತೀರಿಹೋದ ತಂಗಿ ಇದ್ದಳು.

"ಬೈದಿದ್ರೆ ಚೆನ್ನಾಗಿತ್ತು. ಅವರು ಕ್ಯಾಸೆಟ್ಟು ತಗೊಂಡು ಹೊರಟೋದ್ರು."

ಅಂದಿನಿಂದ ಯಾರ ಕ್ಯಾಸೆಟ್ಟೇ ಬರಲಿ, ಮೊದಲು ಹಲ್ಲು ಕೀಳುತ್ತಾರೆ. ಆ ಚೂರು ಹೋದರೆ ಯಾವ ರೆಕಾರ್ಡರೂ ಅದರ ಮೇಲೆ ಬರೆಯುವುದಿಲ್ಲ. ಕಿತ್ತದ್ದೆಲ್ಲ ಗಾಜಿನ ಬಾಟಲಿಗಳಲ್ಲಿದೆ. ಎರಡು ತುಂಬಿವೆ, ಮೂರನೆಯದು ಕತ್ತಿನವರೆಗೆ ಬಂದಿದೆ. ಮಹಡಿಯಿಂದ ಚಹಾ ತರುವ ಮನೆಯವರು, ದರ್ಜಿ ಕೆಲಸ ಬಿಟ್ಟವರು, ಹೆಂಡತಿಯನ್ನು ಹಲ್ಲಿನ ಡಾಕ್ಟರು ಎಂದು ಕಿಚಾಯಿಸುತ್ತಾರೆ. ಈಗ ಕೆಲಸವೆಂದರೆ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೇ ಓಡಬೇಕು, ಹಾಗಾಗಿ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಕಪಾಟಿನಲ್ಲಿ ಏಳು ಯಂತ್ರಗಳಿವೆ. ಓಡುವುದು ಮೂರು, ಉಳಿದ ನಾಲ್ಕು ಅವಕ್ಕೆ ಬಿಡಿಭಾಗ ಕೊಟ್ಟು ಬರಿದಾಗಿವೆ. ನಾಜೂಕಿನ ಕೆಲಸವೆಲ್ಲ ಬೆಳಗಿನ ಜಾವದಲ್ಲೇ. ಆಗ ಕರೆಂಟು ಏರಿಳಿಯುವುದಿಲ್ಲ, ಬೀದಿಯ ಸದ್ದೂ ಇರುವುದಿಲ್ಲ.

ಡ್ರೈವರ್ ತಂದ ಕ್ಯಾಸೆಟ್ಟಿನ ಅಂಚು ಸುಕ್ಕುಗಟ್ಟಿದೆ. ಸದ್ದು ಇರುವುದೇ ಆ ಅಂಚಿನ ಸಣ್ಣ ಪಟ್ಟಿಯಲ್ಲಿ. ಮಾತು ಅಳಿಸಿಹೋಗಿರಲಿಕ್ಕಿಲ್ಲ, ಯಂತ್ರಕ್ಕೆ ಎಟುಕುತ್ತಿಲ್ಲ ಅಷ್ಟೇ ಇರಬಹುದು, ಆದರೆ ಒಂದೆರಡು ಸಲಕ್ಕಿಂತ ಹೆಚ್ಚು ಓಡಿಸಿದರೆ ಟೇಪು ತಾಳಲಾರದು ಎಂದು ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರೆ. ಡ್ರೈವರ್ ತಾಯಿಯ ಮುಖ ನೋಡುತ್ತಾರೆ. ತಾಯಿ ಹಾಕಿ ಎಂಬಂತೆ ತಲೆಯಾಡಿಸುತ್ತಾರೆ.

ವೈರಕ್ಕ ಯಂತ್ರದ ಮುಚ್ಚಳ ತೆಗೆದು, ವೈರುಗಳನ್ನು ಎರಡೆರಡು ಸಲ ಮುಟ್ಟಿ ನೋಡಿ, ಓಡುತ್ತಲೇ ಕಂಪ್ಯೂಟರಿಗೆ ಇಳಿಯುವಂತೆ ಮಾಡಿ ಕ್ಯಾಸೆಟ್ಟು ಹಾಕುತ್ತಾರೆ. ಪರದೆಯ ಮೇಲೆ ಒಂದು ಅಂಗಳ. ಕುಣಿಯುತ್ತಿರುವ ಹುಡುಗನ ಹಿಂದೆ ಬಕೆಟ್ ಹಿಡಿದ ಹೆಂಗಸು ಬಾಯಿ ಆಡಿಸುತ್ತಿದ್ದಾಳೆ, ದನಿಯಿಲ್ಲ. ಟೇಪು ಓಡುತ್ತಿರುವಾಗಲೇ ಸದ್ದು ಓದುವ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಗೊರಗೊರ. ಇನ್ನೊಂದು ಎಳೆ. ಗೊರಗೊರದ ನಡುವಿನಿಂದ ಗಟ್ಟಿ ದನಿಯೊಂದು ಎದ್ದು ಬರುತ್ತದೆ: "ಕ್ಯಾಮೆರಾ ಮುಂದೆ ಏನೋ ನಿಂದು ಕುಣಿತ, ಮೊದಲು ಮುಖ ತೊಳ್ಕೋ ಬಾ."

ಐವತ್ತರ ಡ್ರೈವರ್ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಾರೆ. ತಾಯಿ ಚೀಲದಿಂದ ಪುಟ್ಟ ಪುಸ್ತಕ ತೆಗೆದು ಬರೆದು ಎಲ್ಲರಿಗೂ ತೋರಿಸುತ್ತಾರೆ: 'ನಾನು ಇಷ್ಟು ಜೋರಾಗಿ ಕೂಗ್ತಿದ್ನಾ?' ಕೋಣೆಯಲ್ಲಿ ಮೂವರೂ ನಗುತ್ತಾರೆ, ಒಬ್ಬರದು ಮಾತ್ರ ಕೇಳಿಸುವುದಿಲ್ಲ. ಹೊರಡುವ ಮುನ್ನ ಆ ತಾಯಿ ಮೇಜಿನ ಮೇಲಿದ್ದ ಹಲ್ಲನ್ನು ತಾವೇ ಎತ್ತಿ ಬಾಟಲಿಗೆ ಹಾಕುತ್ತಾರೆ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ವೈರಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ.

"ಆ ಹನ್ನೊಂದು ನಿಮಿಷದೋರು ಒಂದ್ಸಲ ಈ ಕಡೆ ಬರ್ಬೇಕು. ಅವರಿಗೆ ವಾಪಸ್ ಕೊಡಕ್ಕೆ ನನ್ನ ಹತ್ರ ಏನೂ ಇಲ್ಲ. ಈ ಬಾಟಲಿಗಳನ್ನ ತೋರಿಸ್ಬೇಕು, ಅಷ್ಟೇ."